ಐಗಳ ಮಠದಿಂದ ಎಸ್‌ಡಿಎಂಸಿವರೆಗೆ: ನಮ್ಮ ಕಡೆ ಮನೆಗೂ ಸಾಲಿಗೂ ಇರೋ ದಾರಿ

ಬಹಳ ದಿನದಿಂದ ಈ ಬ್ಲಾಗು ಖಾಲಿ ಬಿದ್ದಿತ್ತು. ಬಗ್ಗು, ರಿಲೀಸು ಅಂತ ಆಫೀಸಿನ ಗಲಾಟೆ, ನಿಮಗೆ ಗೊತ್ತೇ ಇದೆ. ಹೊಸಪೇಟೆಯವನು ಇತಿಹಾಸ ಬರೀತೀನಿ ಅಂದ ಕೂಡಲೇ ಕಲ್ಲಿನ ರಥ, ಕೃಷ್ಣದೇವರಾಯ ಅಂತ ಅಂದ್ಕೊಂಡು ಓಡಿ ಹೋಗ್ಬೇಡಿ :-) ಇದು ಅಷ್ಟು ದೊಡ್ಡ ಇತಿಹಾಸ ಅಲ್ಲ. ನಮ್ಮ ಸೀಮೆಯಲ್ಲಿ ಅಪ್ಪ-ಅಮ್ಮಂದಿರಿಗೂ ಮಕ್ಕಳ ಶಾಲೆಗೂ (ನಮ್ಮ ಕಡೆ ಬಾಯಲ್ಲಿ ‘ಸಾಲಿ’) ಇದ್ದ ಸಂಬಂಧದ ಕಥೆ. ಇನ್ನೂರು ವರ್ಷದಷ್ಟು ಹಳೆಯದು, ಇನ್ನೂ ಮುಗಿದಿಲ್ಲ.

1822ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ, ಪ್ರತಿ ಜಿಲ್ಲೆಯಲ್ಲಿ ಊರ ಶಾಲೆಗಳು ಎಷ್ಟಿವೆ, ಯಾರು ಓದ್ತಾರೆ, ಖರ್ಚು ಯಾರದು ಅಂತ ಲೆಕ್ಕ ಕೇಳಿದ. ಆಗ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹೊಸಪೇಟೆ, ಕಂಪ್ಲಿ ಅದರೊಳಗೆ. ಸಂಡೂರು ಮಾತ್ರ ಘೋರ್ಪಡೆಯವರ ಸಂಸ್ಥಾನ, ಹಾಗಾಗಿ ಈ ಲೆಕ್ಕದಿಂದ ಹೊರಗೆ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಗಾಂಧಿವಾದಿ ಇತಿಹಾಸಕಾರ ಧರಂಪಾಲ್ 1983ರಲ್ಲಿ ಈ ವರದಿಗಳನ್ನೆಲ್ಲ ಪುಸ್ತಕ ಮಾಡಿದ್ದರಿಂದ ಇವತ್ತು ನಮ್ಮಂಥವರಿಗೂ ಓದೋಕೆ ಸಿಗುತ್ತೆ.

ಜಿಲ್ಲೆಯಲ್ಲಿ ಒಟ್ಟು 533 ಶಾಲೆ. ಅದರಲ್ಲಿ ಕನ್ನಡದ್ದು 235, ತೆಲುಗಿನದು 226. ಉಳಿದವು ಮರಾಠಿ, ಪರ್ಷಿಯನ್, ಸಂಸ್ಕೃತ, ತಮಿಳು. ಇಂಗ್ಲಿಷಿನದು ಒಂದೇ ಒಂದು! ಓದುವ ಮಕ್ಕಳು 6,641. ಅಂದ್ರೆ ಶಾಲೆಗೆ ಸುಮಾರು ಹನ್ನೆರಡು ಮಕ್ಕಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಶಾಲೆ ಶುರುವಾಗುತ್ತಿದ್ದ ರೀತಿ. ಮಗುವಿಗೆ ಐದು ವರ್ಷ ಆದಾಗ ಒಳ್ಳೇ ದಿನ ನೋಡಿ, ತಂದೆ-ತಾಯಿ ಮೇಷ್ಟ್ರನ್ನೂ ಶಾಲೆಯ ಮಕ್ಕಳನ್ನೂ ತಮ್ಮ ಮನೆಗೇ ಕರೀತಿದ್ದರಂತೆ. ಗಣಪತಿಯ ಸುತ್ತ ಎಲ್ಲರೂ ಕೂತು, ಮೇಷ್ಟ್ರು ಮಗುವಿನ ಬೆರಳು ಹಿಡಿದು ಅಕ್ಕಿ ಮೇಲೆ ಬರೆಸುತ್ತಿದ್ದರು. ಗಮನಿಸಿ, ಮಗು ಶಾಲೆಗೆ ಹೋಗೋ ಮೊದಲು ಶಾಲೆಯೇ ಮಗುವಿನ ಮನೆಗೆ ಬರ್ತಿತ್ತು. ಐಗಳ ಮಠದ ಕಥೆಗಳನ್ನ ಮನೆಯ ಹಿರಿಯರ ಬಾಯಲ್ಲಿ ಕೇಳಿದವರಿಗೆ ಇದು ಹೊಸದೇನಲ್ಲ.

ಆಗ ಮೇಷ್ಟ್ರಿಗೆ ಸರ್ಕಾರದ ಸಂಬಳ ಇರಲಿಲ್ಲ. ಮನ್ರೋ 1826ರಲ್ಲಿ ಬರೆದ ಟಿಪ್ಪಣಿ ಪ್ರಕಾರ ಒಂದು ಮಗುವಿಗೆ ತಿಂಗಳಿಗೆ ನಾಲ್ಕಾಣೆಯಿಂದ ಎಂಟಾಣೆ. ಬಹುತೇಕ ಮೇಷ್ಟ್ರುಗಳ ದುಡಿಮೆ ತಿಂಗಳಿಗೆ ಆರೇಳು ರೂಪಾಯಿ ದಾಟುತ್ತಿರಲಿಲ್ಲ. ಕೊಡುವವರು ಪೋಷಕರು. ಹಾಗಾಗಿ ಮೇಷ್ಟ್ರು ಉತ್ತರ ಹೇಳಬೇಕಾದ್ದೂ ಪೋಷಕರಿಗೇ.

ಆಹಾ ಎಂಥಾ ಕಾಲ ಅನ್ನೋ ಮುಂಚೆ ಇನ್ನೊಂದು ಅಂಕಿ ನೋಡಿ. ಆ 6,641 ಮಕ್ಕಳಲ್ಲಿ ಹುಡುಗಿಯರು 60. ಅಷ್ಟೇ. ಜಿಲ್ಲೆಯ ಜನಸಂಖ್ಯೆ 9,27,857. ಸಾವಿರ ಜನಕ್ಕೆ ಏಳು ಮಕ್ಕಳು ಶಾಲೆಯಲ್ಲಿ. ವಿಲಾಯತಿ ಬಟ್ಟೆ ಬಂದು ನೇಯುವವರ ಕೈಕೆಲಸ ಹೋಯ್ತು, ಬಡತನ ಹೆಚ್ಚಿತು, ಎಷ್ಟೋ ಊರುಗಳಲ್ಲಿ ಶಾಲೆಗಳೇ ಮುಚ್ಚಿಹೋದವು ಅಂತ ಕ್ಯಾಂಪ್‌ಬೆಲ್ಲನೇ ಬರೆದಿದ್ದಾನೆ. ಮನೆಗೂ ಶಾಲೆಗೂ ನಡುವೆ ಇದ್ದ ದಾರ ಫೀಸಿನದು. ಫೀಸು ಕೊಡೋಕೆ ಆಗದ ದಿನ ಅದು ಕಡಿದುಹೋಗುತ್ತಿತ್ತು. ಕೂಲಿಯವರ ಮಕ್ಕಳಿಗಂತೂ ಆ ದಾರ ಸಿಕ್ಕಿದ್ದೇ ಇಲ್ಲ.

ಆಮೇಲೆ 1854ರ ವುಡ್ ವರದಿ ಬಂತು. ಶಿಕ್ಷಣ ಇಲಾಖೆ, ಅನುದಾನ, ಇನ್‌ಸ್ಪೆಕ್ಟರು ಎಲ್ಲ ಹುಟ್ಟಿಕೊಂಡರು. 1949ರಲ್ಲಿ ಸಂಡೂರು ಬಳ್ಳಾರಿ ಜಿಲ್ಲೆಗೆ ಸೇರಿತು, 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಊರೂರಿಗೆ ಸರ್ಕಾರಿ ಶಾಲೆ ಆಯ್ತು, ಬಾಗಿಲು ಎಲ್ಲರಿಗೂ ತೆರೀತು. ಇದು ಸಣ್ಣ ಮಾತಲ್ಲ. ನಾನು ಇಂಜಿನಿಯರ್ ಆಗಿ ಇಲ್ಲಿ ಕೂತು ಬರೀತಿರೋದೂ ಅದರಿಂದಲೇ. ಆದ್ರೆ ಮೇಷ್ಟ್ರು ಉತ್ತರ ಹೇಳೋದು ಈಗ ಮೇಲಿನವರಿಗೆ. ರಿಪೋರ್ಟು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ರಾಜಧಾನಿಗೆ. ಪಕ್ಕದ ಓಣಿಯಲ್ಲೇ ಇರೋ ಮನೆಗೆ ಮಾತ್ರ ಹೋಗಲ್ಲ!

ಈ ದಾರ ಮತ್ತೆ ಕಟ್ಟುವ ಪ್ರಯತ್ನ ಗಟ್ಟಿಯಾಗಿ ಶುರುವಾಗಿದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿತು. ಅದೇ ವರ್ಷ ಏಪ್ರಿಲಿನಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದ್ರೆ ನಮಗೆಲ್ಲ ಗೊತ್ತಿರೋ ಎಸ್‌ಡಿಎಂಸಿ, ಬಂತು. ಪೋಷಕರೇ ತಮ್ಮೊಳಗಿಂದ ಸದಸ್ಯರನ್ನು ಆರಿಸಬೇಕು. ಮರುವರ್ಷ, 2002ರ ಜೂನಿನಲ್ಲಿ, ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಯ್ತು. ನನ್ನ ಪ್ರಕಾರ ಯಾವ ಸಮಿತಿಗಿಂತ ಇದು ದೊಡ್ಡ ಬದಲಾವಣೆ. ಯಾಕಂದ್ರೆ ಅಡುಗೆಗೆ ಬಂದವರು ಅದೇ ಊರಿನ ತಾಯಂದಿರು. ಬಡವರ ಮನೆಯ ಹೆಣ್ಣುಮಗಳೊಬ್ಬಳು ದಿನಾ ಶಾಲೆಯೊಳಗೆ ಕಾಲಿಡೋ ಹಾಗಾಯ್ತು. ಯಾವ ಮಗು ಇವತ್ತು ಬಂದಿಲ್ಲ ಅಂತ ಅವಳಿಗೆ ತಟ್ಟೆ ಎಣಿಸಿಯೇ ಗೊತ್ತಾಗುತ್ತೆ.

2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರ 21ನೇ ಕಲಮಿನ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಅದಕ್ಕಿಂತ ನನಗಿಷ್ಟ 24ನೇ ಕಲಮು. ಪೋಷಕರ ಜೊತೆ ನಿಯಮಿತವಾಗಿ ಸಭೆ ಮಾಡಿ ಮಗುವಿನ ಹಾಜರಿ, ಕಲಿಕೆ, ಪ್ರಗತಿ ಬಗ್ಗೆ ಹೇಳೋದು ಶಿಕ್ಷಕರ ಕರ್ತವ್ಯ ಅನ್ನುತ್ತೆ ಅದು. ಅಂದ್ರೆ ಮೇಷ್ಟ್ರು ಮತ್ತೆ ಪೋಷಕರಿಗೆ ಉತ್ತರ ಹೇಳಬೇಕು. ಈ ಸಲ ಫೀಸಿನ ಹಂಗಿಲ್ಲದೆ, ಹಕ್ಕಾಗಿ!

ಹಾಗಾದ್ರೆ ಕಥೆ ಸುಖಾಂತ್ಯವಾ? ಅಲ್ಲೇ ಇರೋದು ತೊಡಕು.

ನಮ್ಮಪ್ಪ ಸಂಡೂರಿನ ಗಣಿಗೆ ಲಾರಿ ಓಡಿಸ್ತಿದ್ದರು. ನನ್ನ ಶಾಲೆಗೆ ಅವರು ಬಂದದ್ದು ಎರಡೇ ಸಲ, ಸೇರಿಸೋಕೆ ಮತ್ತು ಟಿ.ಸಿ. ತಗೊಳ್ಳೋಕೆ. ಮಗನ ಓದಿನ ಬಗ್ಗೆ ಕಾಳಜಿ ಇರಲಿಲ್ಲ ಅಂತಲ್ಲ. ಸಭೆ ಯಾವಾಗಲೂ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಹೋದ್ರೆ ಆ ದಿನದ ದುಡಿಮೆ ಹೋಯ್ತು. ಕಂಪ್ಲಿಯಲ್ಲಿ ಭತ್ತದ ನಾಟಿ ಮಾಡೋ ಅವ್ವಂದಿರಿಗೂ, ಹಂಪಿ ಕಡೆ ಬಾಳೆ ತೋಟದಲ್ಲಿ ದುಡಿಯೋರಿಗೂ ಇದೇ ಲೆಕ್ಕ. ಕಾಗದದ ಮೇಲೆ ಫೀಸು ಹೋಗಿದೆ ನಿಜ, ಆದ್ರೆ ಸಭೆಗೆ ಬರೋ ಪೋಷಕ ಇವತ್ತಿಗೂ ಫೀಸು ಕಟ್ಟುತ್ತಾನೆ. ಅದು ಒಂದು ದಿನದ ಕೂಲಿ!

ಇನ್ನು ಭಾಷೆ. “ಈ ಮೂಲಕ ತಿಳಿಯಪಡಿಸುವುದೇನೆಂದರೆ” ಅಂತ ಶುರುವಾಗೋ ಚೀಟಿ, ಮನೆಯಲ್ಲಿ ಲಂಬಾಣಿ ಮಾತಾಡೋ ಸಂಡೂರಿನ ತಾಂಡಾದ ತಾಯಿಗೆ ಏನು ಹೇಳೀತು? ಈಗ ಆ ಚೀಟಿ ವಾಟ್ಸಾಪಿಗೆ ಬಂದಿದೆ, ಅಷ್ಟೇ ವ್ಯತ್ಯಾಸ. ಅಪ್ಪ-ಅಮ್ಮ ಗುಳೆ ಹೋದ ಮನೆಯಲ್ಲಿ ಫೋನೂ ಅವರ ಜೊತೆಗೇ ಹೋಗಿರುತ್ತೆ, ಉಳಿದಿರೋದು ಅಜ್ಜಿ. ಮಗುವನ್ನು ನೋಡಿಕೊಳ್ಳೋರು ಯಾರೋ ಅವರೇ ಪೋಷಕರು ಅಂತ ಕಾಯ್ದೆ ಹೇಳುತ್ತೆ. ಹಾಗಾಗಿ ಆ ಅಜ್ಜಿಯೂ ಸಭೆಯಲ್ಲಿ ಕೂರಬಹುದು. ಆದ್ರೆ ಇದನ್ನ ಅಜ್ಜಿಗೆ ಹೇಳಿದವರು ಯಾರು?

ನನ್ನ ಲೆಕ್ಕದಲ್ಲಿ ಪರಿಹಾರ ರಾಕೆಟ್ ವಿಜ್ಞಾನ ಏನಲ್ಲ. ಸಭೆಯನ್ನ ಸಂಜೆಗೋ, ನಮ್ಮ ಕಡೆ ಹೊಲದ ಕೆಲಸಕ್ಕೆ ಬಿಡುವಿರೋ ಅಮಾವಾಸ್ಯೆಗೋ ಇಡಿ. ಚೀಟಿ ಬದಲು ಆ ಓಣಿಯ ಬಿಸಿಯೂಟದ ಅಕ್ಕನ ಬಾಯಲ್ಲಿ ಸುದ್ದಿ ಕಳಿಸಿ. ದುಡ್ಡಿಗೋ ಸಹಿಗೋ ಮಾತ್ರ ಕರೀಬೇಡಿ, “ನಿಮ್ಮ ಹುಡುಗಿ ಭಾಗಾಕಾರ ಕಲಿತ್ಲು ನೋಡ್ರಿ” ಅಂತ ಹೇಳೋಕೂ ಕರೀರಿ.

2021ರಲ್ಲಿ ಜಿಲ್ಲೆ ಇಬ್ಭಾಗ ಆಯ್ತು. ಹೊಸಪೇಟೆ, ಹಂಪಿ ವಿಜಯನಗರಕ್ಕೆ ಹೋದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಗಡಿ ಬದಲಾದರೂ ಪ್ರಶ್ನೆ ಒಂದೇ: ಶಾಲೆ ಮನೆಗೆ ಬರುತ್ತಾ?

ನಿಮ್ಮೂರಲ್ಲಿ ಪೋಷಕರ ಸಭೆ ಎಷ್ಟು ಗಂಟೆಗೆ ಇಡ್ತಾರೆ? ಒಂದ್ಸಲ ವಿಚಾರಿಸಿ ನೋಡಿ. ಯಾರ ಮನೆಯವರು ಬರ್ತಾರೆ, ಯಾರ ಮನೆಯವರು ಬರಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತೆ.