ಕುರ್ಚಿ ತೆರವಾದಾಗ ಗ್ಯಾಲರಿ ಹಾಕುವ ಲೆಕ್ಕ

2025ರ ಸೆಪ್ಟೆಂಬರ್ 4ರಂದು ಡೇನಿಯಲ್ ಲೆವಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಬಿಟ್ಟರು. ಹೆಸರಿಗೆ ಕಾರ್ಯನಿರ್ವಾಹಕ ಅಧ್ಯಕ್ಷ. ಕೆಲಸದಲ್ಲಿ ಸುಮಾರು ಕಾಲು ಶತಮಾನ ಆ ಕ್ಲಬ್ಬಿನ ಸಿಇಒ ಅವರೇ ಆಗಿದ್ದರು. ಅವರ ಕಾಲದಲ್ಲಿ 62,000ಕ್ಕೂ ಹೆಚ್ಚು ಆಸನಗಳ ಹೊಸ ಸ್ಟೇಡಿಯಂ ಎದ್ದಿತು, 2019ರಲ್ಲಿ ತಂಡ ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು. ಕೈಗೆ ಬಂದ ದೊಡ್ಡ ಕಪ್‌ಗಳು ಮಾತ್ರ ಎರಡೇ: 2008ರ ಲೀಗ್ ಕಪ್ ಮತ್ತು ಅವರು ಹೋಗುವ ಸುಮಾರು ಮೂರೂವರೆ ತಿಂಗಳು ಮೊದಲು ಬಂದ ಯೂರೋಪಾ ಲೀಗ್. ಸುದ್ದಿ ಬಂದ ದಿನ ಉತ್ತರ ಲಂಡನ್ನಿನಲ್ಲಿ ಒಂದೇ ದನಿ ಕೇಳಲಿಲ್ಲ. ಕೆಲವರು ಹಬ್ಬ ಮಾಡಿದರು, ಕೆಲವರು ಸ್ಟೇಡಿಯಂ ನೆನೆದು ಕೈಮುಗಿದರು, ಎರಡನ್ನೂ ಒಟ್ಟಿಗೆ ಮಾಡಿದವರೂ ಇದ್ದರು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಗೋಲು ಹೊಡೆಯದ, ತಂಡ ಕಟ್ಟದ, ಸೂಟು ತೊಟ್ಟು ಕಚೇರಿಯಲ್ಲಿ ಕೂರುವ ಒಬ್ಬ ಆಡಳಿತಗಾರ ಹೋದರೆ ಸಾವಿರಾರು ಜನ ಯಾಕೆ ಇಷ್ಟು ಕದಡಿಹೋಗಬೇಕು? ಕ್ಲಬ್ಬಿನ ವಿಷಯದಲ್ಲಿ ಮತವಿಲ್ಲದವರಿಗೆ ಉಳಿದಿರುವ ಒಂದೇ ಮತ ಇದು ಎಂಬುದು ನನ್ನ ಉತ್ತರ. ಕಳೆದ ನಾಲ್ಕು ದಶಕಗಳ ಇತಿಹಾಸವನ್ನು ಸಾಲಾಗಿ ನೋಡಿದರೆ ಈ ಮತ ಹೇಗೆ ಹುಟ್ಟಿತು, ಯಾಕೆ ಬಲಿಯಿತು ಎಂಬುದು ತಿಳಿಯುತ್ತದೆ.

ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಬಹುಕಾಲ ಸಿಇಒ ಎಂಬ ಹುದ್ದೆಯೇ ಇರಲಿಲ್ಲ. ಆಡಳಿತ ಮಂಡಳಿಯಲ್ಲಿ ಇರುತ್ತಿದ್ದವರು ಊರಿನ ವ್ಯಾಪಾರಸ್ಥರು. ಫುಟ್‌ಬಾಲ್ ಅಸೋಸಿಯೇಷನ್ನಿನ 34ನೇ ನಿಯಮ ಅವರು ಸಂಬಳ ತೆಗೆದುಕೊಳ್ಳದಂತೆ ತಡೆದಿತ್ತು, ಲಾಭಾಂಶಕ್ಕೂ ಮಿತಿ ಹಾಕಿತ್ತು. ಅವರೆಲ್ಲ ಸಂತರಾಗಿದ್ದರು ಎಂದಲ್ಲ. ಆದರೆ ಅಭಿಮಾನಿಗೆ ಅವರು ಕಣ್ಣಿಗೆ ಕಾಣುವ ಜನ, ಅದೇ ಊರಿನವರು. ತಂಡ ಸೋತರೆ ಬೈಗುಳ ಮ್ಯಾನೇಜರಿಗೆ. 1981ರಲ್ಲಿ ಪೂರ್ಣಾವಧಿ ಕೆಲಸ ಮಾಡುವ ನಿರ್ದೇಶಕರಿಗೆ ಸಂಬಳ ಕೊಡಲು ಅನುಮತಿ ಸಿಕ್ಕಿತು. 1983ರಲ್ಲಿ ಇದೇ ಟಾಟನ್‌ಹ್ಯಾಮ್ ಮೇಲೊಂದು ಮಾತೃ ಕಂಪನಿ ಕಟ್ಟಿ, 34ನೇ ನಿಯಮದಿಂದ ನುಣುಚಿಕೊಂಡು ಲಂಡನ್ ಷೇರುಪೇಟೆಗೆ ಇಳಿಯಿತು. 1991ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಅದೇ ಹಾದಿ ಹಿಡಿಯಿತು. ಮರುವರ್ಷ ಪ್ರೀಮಿಯರ್ ಲೀಗ್ ಬಂತು, ಜೊತೆಗೆ ಟಿವಿಯ ಹಣ ಬಂತು. ಹಣ ಬಂದಲ್ಲಿ ಹಣ ನೋಡಿಕೊಳ್ಳುವವನು ಬೇಕು. ಹೀಗೆ ಸಿಇಒ ಹುಟ್ಟಿದ.

ಅಭಿಮಾನಿಯ ಕಣ್ಣು ಮೈದಾನದಿಂದ ಕಚೇರಿಯ ಕಡೆ ಹೊರಳಿದ್ದು ಮುಂದಿನ ಹತ್ತು ವರ್ಷಗಳಲ್ಲಿ. 1998ರ ಮಾರ್ಚಿನಲ್ಲಿ ನ್ಯೂಕ್ಯಾಸಲ್ ಯುನೈಟೆಡ್‌ನ ಅಧ್ಯಕ್ಷ ಫ್ರೆಡಿ ಶೆಪರ್ಡ್ ಮತ್ತು ಉಪಾಧ್ಯಕ್ಷ ಡಗ್ಲಸ್ ಹಾಲ್, ವೇಷ ಮರೆಸಿ ಬಂದ ಪತ್ರಕರ್ತನ ಮುಂದೆ ತಮ್ಮದೇ ಊರಿನ ಹೆಂಗಸರನ್ನು ಹೀಯಾಳಿಸಿದರು, ದುಬಾರಿ ಜೆರ್ಸಿ ಕೊಳ್ಳುವ ಅಭಿಮಾನಿಗಳನ್ನು ಗೇಲಿ ಮಾಡಿದರು. ಊರಿಗೆ ಊರೇ ಕೆರಳಿತು, ಇಬ್ಬರೂ ರಾಜೀನಾಮೆ ಕೊಟ್ಟರು, ಕೆಲವೇ ತಿಂಗಳಲ್ಲಿ ಮರಳಿ ಬಂದರು. ಷೇರುಗಳು ಅವರ ಕೈಯಲ್ಲೇ ಇದ್ದವು. ಆ ವರ್ಷ ಗ್ಯಾಲರಿ ಕಲಿತ ಪಾಠ ಚಿಕ್ಕದಲ್ಲ. ಅದೇ ವರ್ಷ ಟಿವಿ ಕಂಪನಿ ಬಿಸ್ಕೈಬಿ ಸುಮಾರು 62 ಕೋಟಿ ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಕೊಳ್ಳಲು ಬಂದಾಗ ಅಭಿಮಾನಿಗಳು ಬರೀ ಘೋಷಣೆ ಕೂಗಲಿಲ್ಲ. ಸ್ಪರ್ಧಾ ಕಾನೂನು ಓದಿದರು, ಸರ್ಕಾರದ ಮುಂದೆ ವಾದ ಮಂಡಿಸಿದರು, 1999ರ ಏಪ್ರಿಲ್‌ನಲ್ಲಿ ಸರ್ಕಾರ ಆ ಮಾರಾಟ ತಡೆಯಿತು. 2005ರಲ್ಲಿ ಮಾತ್ರ ಅದೃಷ್ಟ ಕೈಕೊಟ್ಟಿತು. ಗ್ಲೇಜರ್ ಕುಟುಂಬ ಕ್ಲಬ್ಬನ್ನು ಕೊಂಡಿತು, ಕೊಳ್ಳಲು ಮಾಡಿದ ಸಾಲದ ಬಹುಪಾಲು ಕ್ಲಬ್ಬಿನ ತಲೆಗೇ ಬಂತು. ಸಾಲದ ಯೋಜನೆಯನ್ನು ಮೊದಲು ವಿರೋಧಿಸಿದ್ದ ಸಿಇಒ ಡೇವಿಡ್ ಗಿಲ್ ಹೊಸ ಮಾಲೀಕರ ಕೆಳಗೂ ಮುಂದುವರಿದರು. ಅಭಿಮಾನಿಗಳಲ್ಲಿ ಕೆಲವರು ಹೊರನಡೆದು ಎಫ್‌.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ಕ್ಲಬ್ ಕಟ್ಟಿದರು. ಉಳಿದವರು ಒಳಗೇ ಇದ್ದು ಪ್ರತಿಭಟನೆಯ ಗುರುತಾಗಿ ಹಸಿರು-ಚಿನ್ನದ ಬಣ್ಣದ ಸ್ಕಾರ್ಫ್ ಸುತ್ತಿಕೊಂಡರು.

ಗಿಲ್ ನಂತರ ಆ ಕುರ್ಚಿಗೆ ಬಂದ ಎಡ್ ವುಡ್‌ವರ್ಡ್, ಗ್ಲೇಜರ್ ಕುಟುಂಬದ ಆ ಕೊಳ್ಳುವಿಕೆಗೆ ಸಲಹೆ ಕೊಟ್ಟಿದ್ದ ಬ್ಯಾಂಕರ್. 2021ರ ಏಪ್ರಿಲ್ 18ರಂದು ಹನ್ನೆರಡು ಕ್ಲಬ್ಬುಗಳು, ಅವುಗಳಲ್ಲಿ ಆರು ಇಂಗ್ಲೆಂಡಿನವು, ಯೂರೋಪಿಯನ್ ಸೂಪರ್ ಲೀಗ್ ಎಂಬ ತಮ್ಮದೇ ಪ್ರತ್ಯೇಕ ಟೂರ್ನಿ ಘೋಷಿಸಿದವು. ಅಭಿಮಾನಿಗಳು ಕೆರಳಿದರು, ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳು ಹಿಂದೆ ಸರಿದವು, 20ರ ಸಂಜೆ ವುಡ್‌ವರ್ಡ್ ಹೋಗುವ ಸುದ್ದಿಯೂ ಬಂತು. ಒಬ್ಬ ಆಡಳಿತಗಾರ ಹೋಗುವುದು ಗ್ಯಾಲರಿಯ ಗೆಲುವು ಎಂದು ಎಲ್ಲರೂ ಓದಿದ ಮೊದಲ ದೊಡ್ಡ ಪ್ರಸಂಗ ಇದೇ ಎಂದು ನನ್ನ ಅಂದಾಜು. ಆದರೂ ಯಾರೂ ಮನೆಗೆ ಹೋಗಿ ಮಲಗಲಿಲ್ಲ. ಮೇ 2ರಂದು ಅಭಿಮಾನಿಗಳು ಓಲ್ಡ್ ಟ್ರಾಫರ್ಡ್‌ಗೆ ನುಗ್ಗಿ ಹುಲ್ಲಿನ ಮೇಲೇ ನಿಂತರು, ಲಿವರ್‌ಪೂಲ್ ಜೊತೆಗಿನ ಪಂದ್ಯ ಮುಂದೂಡಬೇಕಾಯಿತು. ಅವರ ಬಾಯಲ್ಲಿದ್ದ ಹೆಸರು ಗ್ಲೇಜರ್.

ಈ ಸಿಟ್ಟೆಲ್ಲ ಸೋಲಿನ ಸಿಟ್ಟು, ಎರಡು ಪಂದ್ಯ ಗೆದ್ದರೆ ಇಳಿಯುತ್ತದೆ ಎಂದು ವಾದಿಸುವವರಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ. ಗೆಲುವು ಬಹಳಷ್ಟನ್ನು ಮರೆಸುತ್ತದೆ. ಆದರೆ 2021ರ ಅದೇ ಏಪ್ರಿಲ್ 20ರಂದು ಸೂಪರ್ ಲೀಗ್ ವಿರೋಧಿಸಿ ಸ್ಟ್ಯಾಮ್‌ಫರ್ಡ್ ಬ್ರಿಜ್ ಹೊರಗೆ ತಂಡದ ಬಸ್ಸಿನ ದಾರಿಗೆ ಅಡ್ಡ ನಿಂತವರು ಚೆಲ್ಸಿ ಅಭಿಮಾನಿಗಳು. ಕ್ಲಬ್ಬಿನ ಸಲಹೆಗಾರ ಪೀಟರ್ ಚೆಕ್ ರಸ್ತೆಗಿಳಿದು ಅವರ ನಡುವೆ ನಿಂತು ಸಮಾಧಾನ ಹೇಳಬೇಕಾಯಿತು. ಅವರ ತಂಡ ಆಗ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿತ್ತು, ಮರುತಿಂಗಳು ಕಪ್ಪನ್ನೇ ಗೆದ್ದಿತು. ಟಾಟನ್‌ಹ್ಯಾಮ್‌ನಲ್ಲೂ ಹಾಗೆಯೇ. 2024ರಲ್ಲಿ ಹಿರಿಯ ನಾಗರಿಕರ ಸೀಸನ್ ಟಿಕೆಟ್ ರಿಯಾಯಿತಿಗೆ ಕ್ಲಬ್ ಕತ್ತರಿ ಹಾಕಿದಾಗ ಎದ್ದ ಚಳವಳಿಗೂ ಅಂಕಪಟ್ಟಿಗೂ ಸಂಬಂಧವಿರಲಿಲ್ಲ. ದಶಕಗಳಿಂದ ಒಂದೇ ತಂಡಕ್ಕೆ ದುಡ್ಡು ಕೊಟ್ಟ ಮುದುಕರನ್ನು ಲೆಕ್ಕದ ಸಾಲಿನಲ್ಲಿ ನಷ್ಟ ಎಂದು ಬರೆದರು ಎಂಬ ನೋವು ಅದು. 1961ರಲ್ಲಿ ಲೀಗ್ ಮತ್ತು ಎಫ್‌.ಎ. ಕಪ್ ಎರಡನ್ನೂ ಗೆದ್ದ ನಾಯಕ ಡ್ಯಾನಿ ಬ್ಲಾಂಚ್‌ಫ್ಲವರ್, ಈ ಆಟ ಇರುವುದೇ ಕೀರ್ತಿಗಾಗಿ ಎಂದು ನಂಬಿದ್ದವರು. ಲೆವಿ ವಿರೋಧಿಗಳು ಬ್ಯಾನರಿನ ಮೇಲೆ ಆ ನಂಬಿಕೆಯನ್ನೇ ಬರೆದು, ಪಕ್ಕದಲ್ಲಿ ದುರಾಸೆಯ ಆರೋಪ ಸೇರಿಸಿದರು. ಗೆಲುವು ಬೇಡ ಎನ್ನುವವರ ಮಾತಲ್ಲ ಅದು. ಕ್ಲಬ್ ಯಾತಕ್ಕಾಗಿ ಇದೆ ಎಂದು ಕೇಳುವವರ ಮಾತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸಿಇಒ ಸಂಬಳದ ಆಳು. ಮಾಲೀಕ ಉಳಿದಿರುವಾಗ ಅವನ ನಿರ್ಗಮನಕ್ಕೆ ಕುಣಿಯುವುದು ಎಯ್ದವನನ್ನು ಬಿಟ್ಟು ಅಂಬಿನ ಮೇಲೆ ಸಿಟ್ಟು ಮಾಡಿಕೊಂಡಂತೆ. ಹೌದು, ವುಡ್‌ವರ್ಡ್ ಹೋದ ಮೇಲೂ ಗ್ಲೇಜರ್ ಕುಟುಂಬ ಉಳಿಯಿತು. ಆದರೆ ಮಾಲೀಕ ಸಾವಿರಾರು ಮೈಲಿ ದೂರದಲ್ಲಿ ಇದ್ದಾಗ ಅಂಬೊಂದೇ ಕಣ್ಣಿಗೆ ಕಾಣುವುದು. ಮೇ 2ರ ಘೋಷಣೆಗಳೇ ಹೇಳುವಂತೆ ಎಯ್ದವರು ಯಾರೆಂಬುದು ಅಭಿಮಾನಿಗಳಿಗೆ ಚೆನ್ನಾಗಿ ಗೊತ್ತು. ಅಪಾಯ ಇರುವುದು ಬೇರೆ ಕಡೆ: ಮಾತಿನ ಬಾಗಿಲು ಮುಚ್ಚಿದಷ್ಟೂ ಕೆಲವರ ಕೋಪ ವ್ಯಕ್ತಿಯ ಮೈಮೇಲೆ ಬೀಳುತ್ತದೆ. 2020ರ ಜನವರಿಯಲ್ಲಿ ವುಡ್‌ವರ್ಡ್ ಮನೆಯ ಗೇಟಿಗೆ ಉರಿಯುವ ಫ್ಲೇರ್ ಎಸೆದರು. 2023ರ ಜನವರಿಯಲ್ಲಿ ಎವರ್ಟನ್ ತನ್ನ ನಿರ್ದೇಶಕರು ತವರು ಪಂದ್ಯಕ್ಕೆ ಬರುವುದಿಲ್ಲ, ಅವರ ಸುರಕ್ಷತೆಗೆ ಬೆದರಿಕೆ ಇದೆ ಎಂದು ಪ್ರಕಟಿಸಿತು. ಜೂನ್‌ನಲ್ಲಿ ಸಿಇಒ ಡೆನಿಸ್ ಬ್ಯಾರೆಟ್-ಬ್ಯಾಕ್ಸೆಂಡೇಲ್ ಹುದ್ದೆ ಬಿಟ್ಟರು. ಮನೆಯ ಬಾಗಿಲಿಗೆ ಬೆಂಕಿ ಒಯ್ಯುವುದನ್ನು ಯಾವ ಪ್ರೀತಿಯೂ ಸಮರ್ಥಿಸಲಾರದು. ಅಂಥವರು ನಿಜವಾದ ಅಭಿಮಾನಿಗಳೇ ಅಲ್ಲ ಎಂದು ಜಾರಿಕೊಳ್ಳುವುದೂ ಸರಿಯಲ್ಲ.

ಮಾತಾಡಲು ಬಾಗಿಲು ಇದ್ದ ಕಡೆ ಏನಾಗುತ್ತದೆ? ಬಾರ್ಸಿಲೋನಾದಲ್ಲಿ 20 ಸಾವಿರಕ್ಕೂ ಹೆಚ್ಚು ಸದಸ್ಯರು ಅವಿಶ್ವಾಸಕ್ಕೆ ಸಹಿ ಹಾಕಿದರು, ಮತದಾನಕ್ಕೆ ಮುನ್ನವೇ 2020ರ ಅಕ್ಟೋಬರ್ 27ರಂದು ಅಧ್ಯಕ್ಷ ಬಾರ್ತೊಮೆವ್ ರಾಜೀನಾಮೆ ಕೊಟ್ಟರು. ಜರ್ಮನಿಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ 1998ರಿಂದ ಇರುವ 50+1 ನಿಯಮದಂತೆ ಮತದ ಬಹುಪಾಲು ಸದಸ್ಯರ ಮಾತೃಸಂಘದ್ದು. 2023ರ ಡಿಸೆಂಬರ್‌ನಲ್ಲಿ ಹೂಡಿಕೆದಾರರನ್ನು ತರುವ ಪ್ರಸ್ತಾವಕ್ಕೆ ಲೀಗಿನ 36 ಕ್ಲಬ್ಬುಗಳಲ್ಲಿ 24 ಮತ ಬಿದ್ದವು, ಬೇಕಿದ್ದದ್ದೂ ಸರಿಯಾಗಿ 24. ಹ್ಯಾನೋವರ್ 96 ಕ್ಲಬ್ಬಿನ ಮುಖ್ಯಸ್ಥ ಮಾರ್ಟಿನ್ ಕಿಂಡ್ ಅವರಿಗೆ ವಿರುದ್ಧ ಮತ ಹಾಕುವಂತೆ ಮಾತೃಸಂಘ ಸೂಚಿಸಿತ್ತು. ಮತದಾನ ಗುಪ್ತವಾಗಿತ್ತು, ಅವರು ಆ ಸೂಚನೆ ಮೀರಿದರೆಂಬ ಅನುಮಾನ ಎಲ್ಲ ಕಡೆ ಹಬ್ಬಿತು. ಮುಂದಿನ ವಾರಗಳಲ್ಲಿ ಸ್ಟೇಡಿಯಂಗಳ ಮೇಲೆ ಟೆನಿಸ್ ಚೆಂಡುಗಳ ಮಳೆ ಸುರಿಯಿತು, ಚಿನ್ನದ ಹಾಳೆ ಸುತ್ತಿದ ಚಾಕೊಲೇಟ್ ನಾಣ್ಯಗಳೂ ಬಿದ್ದವು. ಆಟಗಾರರು ಬಗ್ಗಿ ಒಂದೊಂದೇ ಹಳದಿ ಚೆಂಡು ಹೆಕ್ಕಿ ಗೆರೆಯಾಚೆ ಎಸೆಯುತ್ತಿದ್ದರು, ರೆಫರಿ ಕಾಯುತ್ತಿದ್ದ. 2024ರ ಫೆಬ್ರುವರಿ 21ರಂದು ಲೀಗ್ ಆ ಯೋಜನೆ ಕೈಬಿಟ್ಟಿತು. ಮಾತೃಸಂಘ 2022ರಲ್ಲೇ ಕಿಂಡ್ ಅವರನ್ನು ವಜಾ ಮಾಡಿತ್ತು, ಅವರು ಅದರ ವಿರುದ್ಧ ಕೋರ್ಟು ಹತ್ತಿ ಹುದ್ದೆಯಲ್ಲಿ ಉಳಿದಿದ್ದರು. 2024ರ ಜುಲೈನಲ್ಲಿ ಅತ್ಯುಚ್ಚ ನ್ಯಾಯಾಲಯ ಆ ವಜಾ ಸರಿ ಎಂದಿತು. ಅಲ್ಲೂ ಕೋಪ ಇತ್ತು, ಆದರೆ ಸೂಚನೆ, ಮತ, ವಜಾ, ಕೋರ್ಟು ಎಂಬ ಮೆಟ್ಟಿಲುಗಳಿದ್ದವು. ಕೂಗಿಗೆ ಹೋಗಿ ತಲುಪುವ ಜಾಗ ಇತ್ತು.

ಇಂಗ್ಲೆಂಡ್ ತಡವಾಗಿಯಾದರೂ ಆ ಕಡೆ ಒಂದು ಹೆಜ್ಜೆ ಇಟ್ಟಿದೆ. ಟ್ರೇಸಿ ಕ್ರೌಚ್ ನೇತೃತ್ವದ 2021ರ ಪರಿಶೀಲನೆಯಿಂದ ಮೊಳೆತ ಫುಟ್‌ಬಾಲ್ ಆಡಳಿತ ಕಾಯ್ದೆಗೆ 2025ರ ಜುಲೈನಲ್ಲಿ ರಾಜಮುದ್ರೆ ಬಿತ್ತು, ಲೆವಿ ಹೋಗುವ ಆರು ವಾರ ಮೊದಲು. ಸ್ವತಂತ್ರ ನಿಯಂತ್ರಕರು ಬಂದಿದ್ದಾರೆ; ಮಾಲೀಕರು ಮತ್ತು ಅಧಿಕಾರಿಗಳು ಯೋಗ್ಯರೇ ಎಂದು ಪರೀಕ್ಷಿಸುವ ಅಧಿಕಾರ ಅವರಿಗಿದೆ. ತವರು ಮೈದಾನ ಮಾರಲು ಅವರ ಒಪ್ಪಿಗೆ ಬೇಕು. ಕ್ಲಬ್ಬಿನ ಲಾಂಛನ ಅಥವಾ ತವರು ಜೆರ್ಸಿಯ ಬಣ್ಣ ಬದಲಿಸಬೇಕಾದರೆ ಅಭಿಮಾನಿಗಳ ಬಹುಮತ ಬೇಕು. ಕ್ಲಬ್ಬನ್ನು ಯಾರು ನಡೆಸಬೇಕೆಂದು ಅವರನ್ನು ಕೇಳಬೇಕು ಎಂಬ ಸಾಲು ಮಾತ್ರ ಆ ಕಾಯ್ದೆಯಲ್ಲಿಲ್ಲ.