ಗಾಳಿ ಸುರಂಗ

ವಿಮಾನ, ರಾಕೆಟ್, ಗಗನನೌಕೆಗಳ ಮಾದರಿಯನ್ನು ಒಂದೆಡೆ ನಿಲ್ಲಿಸಿ, ಅದರ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸಾಧನ. ವಸ್ತು ಗಾಳಿಯಲ್ಲಿ ನುಗ್ಗಿದರೂ ಗಾಳಿಯೇ ವಸ್ತುವಿನ ಮೇಲೆ ನುಗ್ಗಿದರೂ ಹುಟ್ಟುವ ಬಲಗಳು ಒಂದೇ ಎಂಬುದು ಇದರ ತಳಹದಿ.

ಮೊದಲ ಸುರಂಗವನ್ನು 1871ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ವೆನ್‌ಹ್ಯಾಮ್ ರೂಪಿಸಿದ. ಆದರೆ ಅದರ ನಿಜವಾದ ಬೆಲೆ ತಿಳಿದದ್ದು ರೈಟ್ ಸಹೋದರರಿಂದ. 1901ರ ಗ್ಲೈಡರ್ ಲೆಕ್ಕ ಹಾಕಿದಷ್ಟು ಮೇಲೇಳದಿದ್ದಾಗ ಅವರು ಡೇಟನ್‌ನ ತಮ್ಮ ಸೈಕಲ್ ಅಂಗಡಿಯಲ್ಲಿ ಆರಡಿ ಉದ್ದದ ಮರದ ಪೆಟ್ಟಿಗೆಗೆ ಫ್ಯಾನ್ ಜೋಡಿಸಿದರು. ಗರಗಸದ ಅಲಗು, ಸೈಕಲ್ ಕಡ್ಡಿಗಳಿಂದಲೇ ಬಲ ಅಳೆಯುವ ತಕ್ಕಡಿ ತಯಾರಾಯಿತು! ಸುಮಾರು 200 ರೆಕ್ಕೆಗಳ ಪರೀಕ್ಷೆ ನಡೆಯಿತು. 1903ರ ಹಾರಾಟದ ರೆಕ್ಕೆ ಈ ಅಂಕಿಗಳಿಂದ ಹುಟ್ಟಿದ್ದು.

ಪುಟ್ಟ ಮಾದರಿಯ ಸುತ್ತ ಗಾಳಿ ಹರಿಯುವ ರೀತಿ ದೊಡ್ಡ ವಿಮಾನದ ಸುತ್ತ ಹರಿಯುವಂತಿರದು. ಈ ತೊಡಕಿಗೆ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯ 1920ರ ದಶಕದಲ್ಲಿ ಕಂಡುಕೊಂಡ ಉಪಾಯ, ಸುರಂಗದೊಳಗಿನ ಗಾಳಿಯನ್ನೇ 20 ವಾಯುಭಾರದವರೆಗೆ ಒತ್ತಿ ದಟ್ಟವಾಗಿಸುವುದು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 1.2 ಮೀಟರ್ ಸುರಂಗ 1967ರಿಂದ ಕೆಲಸ ಮಾಡುತ್ತಿದೆ. ಟ್ಯಾಂಕುಗಳಲ್ಲಿ ಒತ್ತಿ ತುಂಬಿದ ಗಾಳಿಯನ್ನು ಒಮ್ಮೆಲೇ ಬಿಡುವ ಈ ವ್ಯವಸ್ಥೆಯಲ್ಲಿ ವೇಗ ಶಬ್ದದ ನಾಲ್ಕು ಪಟ್ಟು ಮುಟ್ಟುತ್ತದೆ. ತೇಜಸ್ ಯುದ್ಧವಿಮಾನ, ಇಸ್ರೋದ ಉಡಾವಣಾ ವಾಹನಗಳ ಮಾದರಿಗಳೆಲ್ಲ ಇಲ್ಲಿ ಪರೀಕ್ಷೆಗೊಳಗಾಗಿವೆ.

ಭೂಮಿಗೆ ಮರಳುವ ನೌಕೆಗಳದು ಇನ್ನೂ ಹೆಚ್ಚಿನ ವೇಗ. ಅದನ್ನು ಮರುಸೃಷ್ಟಿಸುವ ಆಘಾತ ಸುರಂಗಗಳಲ್ಲಿ ಇಡೀ ಪ್ರಯೋಗ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ.