ಇಪ್ಪತ್ತೊಂದನೇ ಫ್ಯಾಂಟಮ್ ಮತ್ತು ರನ್ನನ ದುರ್ಯೋಧನ

ಕಳೆದ ಮಳೆಗಾಲದಲ್ಲಿ ಬಿಸಿಲೆಗೆ ಹೋಗಿದ್ವಿ. ಊರ ಹೆಸರಲ್ಲಷ್ಟೇ ಬಿಸಿಲು. ಉಂಬಳಕ್ಕೆ ಹೆದರಿ ಹೋಮ್‌ಸ್ಟೇ ಜಗಲಿ ಬಿಟ್ಟು ಇಳಿಯಲಿಲ್ಲ. ನೆಟ್‌ವರ್ಕ್ ಇಲ್ಲದ್ದರಿಂದ ಮಾತಾಡಲೇಬೇಕಾಯ್ತು. ಜೊತೆಗಿದ್ದ ಗೆಳತಿಗೆ ಬ್ಯಾಟ್‌ಮ್ಯಾನ್ ಕಾಮಿಕ್ಸ್ ಓದೋ ಆಸೆಯಂತೆ. ಎಲ್ಲಿಂದ ಶುರು ಮಾಡ್ಲಿ ಅಂತ ಆಫೀಸಲ್ಲಿ ಒಬ್ಬನನ್ನ ಕೇಳಿದ್ದಕ್ಕೆ ನಲವತ್ತು ಪುಸ್ತಕಗಳ ಪಟ್ಟಿ ಕೊಟ್ಟು, 'ಇಷ್ಟು ಓದದೆ ಏನೂ ಅರ್ಥ ಆಗಲ್ಲ' ಅಂದನಂತೆ. ಅವಳು ಒಂದನ್ನೂ ಮುಟ್ಟಲಿಲ್ಲ.

ಅವನ ಮಾತಲ್ಲೂ ಸ್ವಲ್ಪ ಹುರುಳಿದೆ. 1938ರಲ್ಲಿ ಸೂಪರ್‌ಮ್ಯಾನ್ ಬಂದ, 1939ರಲ್ಲಿ ಬ್ಯಾಟ್‌ಮ್ಯಾನ್. ಅಲ್ಲಿಂದ ಬರೆಯೋರು ಬದಲಾಗ್ತಾ, ಸತ್ತವರು ಎದ್ದು ಬರ್ತಾ ಕಥೆ ಸಿಕ್ಕುಸಿಕ್ಕಾಯ್ತು. 1985-86ರಲ್ಲಿ ಡಿಸಿ ಕಂಪನಿ 'ಕ್ರೈಸಿಸ್ ಆನ್ ಇನ್‌ಫೈನೈಟ್ ಅರ್ಥ್ಸ್' ಅನ್ನೋ ಹನ್ನೆರಡು ಸಂಚಿಕೆಗಳಲ್ಲಿ ತನ್ನ ಹಲವು ಭೂಮಿಗಳನ್ನು ಒಂದೇ ಮಾಡಿತು. ಗಂಟು ಬಿಚ್ಚಲು ಬಂದ ಆ ಪುಸ್ತಕವೇ ಈಗ ಪಟ್ಟಿಯಲ್ಲಿ ಇನ್ನೊಂದು ಗಂಟು!

ಆದರೆ ನಮ್ಮ ಹಿರಿಯರು ಇಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಮುಂದೆ ಕನ್ನಡದಲ್ಲೂ ಬಂತು. ಅದರ ರಾಜ ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ನಾಯಕ ಕಥೆಯ ಪ್ರಕಾರ ಇಪ್ಪತ್ತೊಂದನೆಯವನು. ವಂಶ ಶುರುವಾದದ್ದು 1536ರಲ್ಲಿ, ಕಡಲ್ಗಳ್ಳರು ತಂದೆಯನ್ನು ಕೊಂದಾಗ. ಮೊದಲಿನ ಇಪ್ಪತ್ತು ಜನರ ಕಥೆ ಓದಿ ಬನ್ನಿ ಅಂತ ಯಾರೂ ಹೇಳಲಿಲ್ಲ. ಗುಹೆ, ತಲೆಬುರುಡೆ, ಪ್ರಮಾಣ ಎಲ್ಲಾ ಆಗಾಗ ಎರಡು ಮೂರು ಚೌಕಗಳಲ್ಲಿ ಮುಗಿದು ಕುದುರೆ ಓಡ್ತಿತ್ತು. ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದೇ ಮೊದಲ ಸಂಚಿಕೆ.

ಈ ಉಪಾಯ ಕನ್ನಡಕ್ಕೆ ಹೊಸದೇನಲ್ಲ. ಹತ್ತನೇ ಶತಮಾನದ ಕವಿಗಳ ಮುಂದಿದ್ದದ್ದು ಮಹಾಭಾರತ. ಅದಕ್ಕಿಂತ ಸಿಕ್ಕಿನ ಕಥೆ ಯಾವುದಿದೆ? 941ರ ಹೊತ್ತಿಗೆ ಪಂಪ ಅರ್ಜುನನನ್ನು ನಾಯಕ ಮಾಡಿ, ದ್ರೌಪದಿಯನ್ನು ಅವನೊಬ್ಬನ ಹೆಂಡತಿ ಮಾಡಿಬಿಟ್ಟ. ಇವತ್ತಿನ ಕಾಮಿಕ್ಸ್ ಭಾಷೆಯಲ್ಲಿ ಇದು ರೀಬೂಟ್. ರನ್ನ ಇನ್ನೂ ಜಾಣ. 'ಗದಾಯುದ್ಧ'ದಲ್ಲಿ ಅವನು ಶುರು ಮಾಡೋದೇ ಯುದ್ಧ ಮುಗಿಯೋ ಹೊತ್ತಿಗೆ. ದುರ್ಯೋಧನ ಹೆಣಗಳ ನಡುವೆ ನಡೀತಾನೆ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರನ್ನೇ ನೋಡಿ ಅಳ್ತಾನೆ. ಆ ಅಳುವಿನಲ್ಲೇ ಹಿಂದಿನ ಕಥೆ ನಮಗೆ ತಿಳಿಯುತ್ತೆ. ಹೀಗೆ ತಿರುಗಿ ನೋಡೋದನ್ನ ಪಂಡಿತರು ಸಿಂಹಾವಲೋಕನ ಅಂತಾರೆ.

ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯದ ಕಡೆಗೆ ಹೋದರೆ ಯಕ್ಷಗಾನದ ಸೀಮೆ. ಅಲ್ಲೂ ಒಂದು ರಾತ್ರಿಗೆ ಒಂದೋ ಎರಡೋ ಪ್ರಸಂಗ. ನಡುವೆ ಬಂದು ಕೂತ ಮಗು ಪಕ್ಕದ ಅಜ್ಜನನ್ನ 'ಇವನು ಯಾರು?' ಅಂತ ಕೇಳುತ್ತೆ. ಅಜ್ಜ ಪಟ್ಟಿ ಕೊಡಲ್ಲ, ಹೆಸರು ಹೇಳಿ ಮತ್ತೆ ರಂಗದ ಕಡೆ ತಿರುಗ್ತಾನೆ.

ಪಟ್ಟಿ ಕೊಟ್ಟವನನ್ನ ಬೈದುಕೊಳ್ತಾ ಇದ್ದವನಿಗೆ ನನ್ನದೇ ನೆನಪಾಯ್ತು. 'ಮೊದಲು ವ್ಯಾಕರಣ, ಆಮೇಲೆ ಪಂಪ, ಆಮೇಲೆ ರನ್ನ' ಅಂದುಕೊಂಡೇ ಹತ್ತು ವರ್ಷ ಗದಾಯುದ್ಧ ತೆಗೆದಿರಲಿಲ್ಲ. ನನಗೆ ಯಾರೂ ಪಟ್ಟಿ ಕೊಟ್ಟಿರಲಿಲ್ಲ, ನಾನೇ ಬರೆದುಕೊಂಡಿದ್ದೆ. ಕೊನೆಗೆ ಒಂದು ಗದ್ಯಾನುವಾದ ಹಿಡಿದು ನೇರ ರಣರಂಗಕ್ಕೇ ಹೋದೆ. ಏನೂ ಮುಳುಗಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಅವಳು ಆ ಪಟ್ಟಿಯ ಹದಿನೇಳನೇ ಪುಸ್ತಕ ತಂದಳು. ಮುಖಪುಟ ಇಷ್ಟವಾಯ್ತಂತೆ, ಅಷ್ಟೇ. ರಾತ್ರಿ ಮೆಸೇಜ್ ಬಂತು: 'ಈ ರಾಬಿನ್ ಯಾರೋ? ಹಳೆಯವನಾ, ಹೊಸಬನಾ?'

ನಂಗೂ ಗೊತ್ತಿರಲಿಲ್ಲ. 'ಮುಂದೆ ಓದು, ಹೇಳ್ತಾರೆ' ಅಂದೆ.